ಕಂಬದ ಮನೆಯ ಗೋಡೆ ಒಡೆಯುವ ಮುನ್ನ: ಯಾವುದು ಯಾವ ಕಾಲದ್ದು, ಯಾವುದು ಭಾರ ಹೊತ್ತಿದೆ ಎಂದು ಪತ್ತೆ ಹಚ್ಚುವ ಕ್ರಮ

ಚಳ್ಳಕೆರೆ, ಹೊಳಲ್ಕೆರೆ, ಚನ್ನಗಿರಿ, ದಾವಣಗೆರೆಯ ಹಳೇ ಪೇಟೆ ಕಡೆಯಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ಜಾಡಿನವು. “ಪಡಸಾಲೆ ಮಧ್ಯದ ಇಟ್ಟಿಗೆ ಗೋಡೆ ಆಮೇಲೆ ಕಟ್ಟಿದ್ದು ಅಂತ ಒಡೆಸಿದ್ವಿ ಸಾರ್, ಈಗ ಮಾಳಿಗೆ ಜಗ್ಗಿದೆ, ಏನು ಮಾಡೋದು?” ಮಾಳಿಗೆ ಅಂದರೆ ಮರದ ಕಂಬಗಳ ಮೇಲೆ ನಿಂತ, ಮಣ್ಣು ಹಾಸಿದ ಚಪ್ಪಟೆ ಚಾವಣಿ. ಗೋಡೆ ಆಮೇಲಿನದೇ ಇರಬಹುದು. ಆದರೆ ಅಷ್ಟು ವರ್ಷಗಳಲ್ಲಿ ತೊಲೆಯ (ಚಾವಣಿ ಹೊರುವ ದೊಡ್ಡ ಅಡ್ಡಮರದ) ತುದಿ ಕೊಳೆತು, ಭಾರ ಮೆಲ್ಲಗೆ ಆ ಗೋಡೆಯ ಮೇಲೆ ಕೂತಿರುತ್ತದೆ. ಅದನ್ನು ತೆಗೆದ ದಿನ ಮನೆ ಕೂರುವುದು ಸಹಜ.

ಹಾಗಾಗಿ ಹಳೇ ಮನೆಯಲ್ಲಿ ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ಕೇಳಬೇಕು. ಇದು ಯಾವಾಗಿನದು? ಇದು ಈಗ ಏನು ಹೊತ್ತಿದೆ? ಮೊದಲನೆಯದಕ್ಕೆ ಉತ್ತರ ಸಿಕ್ಕ ಕೂಡಲೇ ಸುತ್ತಿಗೆ ಎತ್ತಿದವರೇ ಹೆಚ್ಚು ಕೆಟ್ಟಿದ್ದಾರೆ. ಕೆಳಗಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ಮಾಘದಿಂದ ಚೈತ್ರದೊಳಗೆ ಶುರು ಮಾಡಿದರೆ ಒಣ ಕಾಲ ಕೈಯಲ್ಲಿರುತ್ತದೆ. ಹಸ್ತ, ಚಿತ್ತೆ ಮಳೆ ಹಿಡಿದ ಮೇಲೆ ಮಾಳಿಗೆ ಬಿಚ್ಚುವ ಯೋಚನೆ ಬೇಡ.

## 1. ಕಾಗದ, ಅನುಮತಿ

ಹಳೆಯ ಕ್ರಯಪತ್ರ, ಪಾಲುಪತ್ರಗಳನ್ನು ಮೊದಲು ಹುಡುಕಿ. ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ) ಮತ್ತು ಅಳತೆ ಇರುವ ಸಾಲುಗಳನ್ನು ಬಿಡಿಸಿ ಬರೆದುಕೊಳ್ಳಿ. ಪಾಲು ಆದ ವರ್ಷ ಗೊತ್ತಾದರೆ, ಮನೆಯನ್ನು ಸೀಳಿದ ಗೋಡೆ ಯಾವ ಹೊತ್ತಿನದು ಎಂಬುದು ಸರಿಸುಮಾರು ಗೊತ್ತಾದಂತೆ. ಆ ಗೋಡೆಯಲ್ಲಿ ದಾಯಾದಿಗಳಿಗೂ ಹಕ್ಕಿದೆಯೇ ಎಂಬುದನ್ನೂ ಈಗಲೇ ನೋಡಿ. ಒಡೆದ ಮೇಲೆ ನೋಡಿದರೆ ಅದು ಕೋರ್ಟಿಗೆ ಹೋಗುತ್ತದೆ.

ಮನೆ ಚಿತ್ರದುರ್ಗದ ಕೋಟೆಯ ಹತ್ತಿರವೋ ಹರಿಹರದ ಹರಿಹರೇಶ್ವರ ದೇವಸ್ಥಾನದ ಸುತ್ತಲೋ ಇದ್ದರೆ ಇನ್ನೊಂದು ಕೆಲಸವಿದೆ. ಇವು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕಗಳು. 2010ರ ಕಾನೂನು ತಿದ್ದುಪಡಿಯಂತೆ ಸ್ಮಾರಕದ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರ್ ನಿಯಂತ್ರಿತ ಪ್ರದೇಶ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವೇ ಇಲ್ಲ; ಎರಡೂ ಕಡೆ ದುರಸ್ತಿಗೂ ಅನುಮತಿ ಬೇಕು. ಪಕ್ಕದ ಮನೆಯವರು ಕೇಳದೆ ಮಾಡಿಸಿದರು ಎಂಬುದು ನಿಮಗೆ ನೆರವಿಗೆ ಬರುವುದಿಲ್ಲ.

## 2. ಬೇಕಾದ ಸಾಮಾನು

ದೊಡ್ಡ ಖರ್ಚಿನವು ಯಾವುವೂ ಅಲ್ಲ. ಉದ್ದನೆಯ ಟೇಪು, ತೂಗುಗುಂಡು, ನೀರು ತುಂಬಿದ ಲೆವೆಲ್ ಪೈಪು, ಒಳ್ಳೇ ಟಾರ್ಚು, ಸಣ್ಣ ಸುತ್ತಿಗೆ, ಚೀಲ ಹೊಲಿಯುವ ದಬ್ಬಳ, ಸೀಮೆಸುಣ್ಣ, ಚೌಕಳಿ ಹಾಳೆ, ಏಣಿ, ಮೂಗಿಗೆ ಮಾಸ್ಕು. ಇದರಲ್ಲಿ ದಬ್ಬಳವನ್ನು ಮರೆಯಬೇಡಿ. ಮರ ಗಟ್ಟಿಯೋ ಟೊಳ್ಳೋ ಎಂದು ಹೇಳುವುದಕ್ಕೆ ಇದಕ್ಕಿಂತ ಅಗ್ಗದ ಸಾಧನ ಇಲ್ಲ.

ಮಣ್ಣಿನ ಮಾಳಿಗೆ ಗೊತ್ತಿರುವ ಹಿರಿಯ ಬಡಗಿ ಅಥವಾ ಮೇಸ್ತ್ರಿ ಒಬ್ಬರು ಜೊತೆಗಿರಲಿ. ಆರ್‌ಸಿಸಿ ಮನೆ ಮಾತ್ರ ಕಟ್ಟಿದ ಮೇಸ್ತ್ರಿ ಎಷ್ಟೇ ಜಾಣನಾದರೂ ಈ ಮನೆಯನ್ನು ನೋಡಿದ ಕೂಡಲೇ “ಕೆಡವಿಬಿಡಿ” ಅನ್ನುತ್ತಾನೆ. ಅವನಿಗೆ ಗೊತ್ತಿರುವುದು ಅದು.

## 3. ಒಳಗೆ ಹೋಗುವ ಮುನ್ನ ನೋಡಬೇಕಾದ ಅಪಾಯದ ಗುರುತು

ಬೀಗ ಹಾಕಿ ಬಿಟ್ಟ ಮನೆಯಾದರೆ ಬಾಗಿಲಲ್ಲೇ ನಿಂತು ಒಳಗೆ ಟಾರ್ಚು ಬಿಡಿ. ನೆಲದ ಮೇಲೆ ಹೊಸದಾಗಿ ಉದುರಿದ ಮಣ್ಣು, ಜಂತೆಗಳ (ತೊಲೆಯ ಮೇಲೆ ಅಡ್ಡಲಾಗಿ ಹಾಕಿದ ಸಣ್ಣ ಮರಗಳ) ನಡುವೆ ಆಕಾಶ, ಬೋದಿಗೆಯಿಂದ (ಕಂಬದ ತಲೆಯ ಮೇಲಿನ ಮರದ ತುಂಡಿನಿಂದ) ಪಕ್ಕಕ್ಕೆ ಜಾರಿದ ತೊಲೆ, ಹೊಟ್ಟೆ ಉಬ್ಬಿದ ಗೋಡೆ ಇವುಗಳಲ್ಲಿ ಒಂದು ಕಂಡರೂ ಆ ಅಂಕಣಕ್ಕೆ (ಕಂಬಗಳ ನಡುವಿನ ಜಾಗಕ್ಕೆ) ಕಾಲಿಡಬೇಡಿ. ಮೊದಲು ಆನಿಕೆ, ಅಂದರೆ ತಾತ್ಕಾಲಿಕ ಆಸರೆ, ಕೊಡಬೇಕು (9ನೇ ಹಂತ). ಮಾಳಿಗೆ ಮೇಲಂತೂ ಯಾರೂ ಹತ್ತಬಾರದು.

ಹಗೇವು ಇದೆಯೇ ಎಂದು ಮನೆಯ ಹಿರಿಯರನ್ನು ಕೇಳಿ. ಈ ಸೀಮೆಯ ಮನೆಗಳಲ್ಲಿ ಕಾಳು ತುಂಬುತ್ತಿದ್ದ ನೆಲದೊಳಗಿನ ಹಗೇವು ಪಡಸಾಲೆಯಲ್ಲೋ ಮನೆ ಮುಂದೆಯೋ ಇರುತ್ತದೆ, ಬಾಯಿ ಮುಚ್ಚಿ ಮೇಲೆ ಬಂಡೆಯನ್ನೋ ಟೈಲ್ಸನ್ನೋ ಹಾಕಿರುತ್ತಾರೆ. ಇದರಿಂದ ಎರಡು ಅಪಾಯ. ಅದರ ಮೇಲೆ ಆನಿಕೆ ಕಂಬ ನಿಲ್ಲಿಸಿದರೆ ನೆಲವೇ ಕುಸಿಯುತ್ತದೆ. ಎರಡನೆಯದು ಪ್ರಾಣಕ್ಕೆ ಸಂಬಂಧಿಸಿದ್ದು: ಬಹುಕಾಲ ಮುಚ್ಚಿದ ಹಗೇವಿನಲ್ಲಿ ಉಸಿರಾಡಲು ಆಗುವ ಗಾಳಿ ಇರುವುದಿಲ್ಲ. ಬಾಯಿ ತೆರೆದ ತಕ್ಷಣ ಯಾರನ್ನೂ ಇಳಿಸಬೇಡಿ. ಒಬ್ಬ ಬಿದ್ದನೆಂದು ಎತ್ತಲು ಇಳಿದ ಇನ್ನೊಬ್ಬನೂ ಹೋಗುವುದು ಹೀಗೆಯೇ. ನೆಲ ತಟ್ಟಿ ಸದ್ದು ಕೇಳಿ, ಟೊಳ್ಳೆನಿಸಿದ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ.

## 4. ನಕ್ಷೆ: ಪ್ರತಿ ಕಂಬಕ್ಕೆ ಒಂದು ನಂಬರು

ಕಂಬಗಳಿಗೆ 1, 2, 3 ಎಂದು ಬರೆಯಿರಿ. ತೊಲೆಗಳಿಗೆ ಅ, ಆ, ಇ. ಫೋಟೊ ತೆಗೆಯುವಾಗ ಆ ಗುರುತು ಕಾಣಲಿ. “ದೇವರ ಮನೆ ಪಕ್ಕದ ಕಂಬ” ಎಂದು ಬರೆದುಕೊಂಡವರು ವಾರದ ನಂತರ ಅದು ಎಡಕ್ಕೋ ಬಲಕ್ಕೋ ಎಂದು ಪೇಚಾಡುತ್ತಾರೆ.

ಕೋಣೆಯ ಉದ್ದ ಅಗಲಕ್ಕಿಂತ ಮುಖ್ಯವಾದ ಅಳತೆ ಗೋಡೆಯ ದಪ್ಪ. ಎಲ್ಲ ಬಾಗಿಲು ಕಿಟಕಿಗಳಲ್ಲಿ ಅಳೆಯಿರಿ. ಕಲ್ಲು ಮಣ್ಣಿನ ಮೂಲ ಗೋಡೆ ಸಾಮಾನ್ಯವಾಗಿ ಒಂದೂವರೆ ಅಡಿಗಿಂತ ಹೆಚ್ಚು, ಹಲವು ಕಡೆ ಎರಡು ಅಡಿ ದಾಟುತ್ತದೆ. ಒಂಬತ್ತು ಇಂಚು ಬಂದರೆ ಇಟ್ಟಿಗೆ, ನಾಲ್ಕೂವರೆ ಬಂದರೆ ಬರೀ ಮರೆಗೆ ಕಟ್ಟಿದ ಗೋಡೆ. ನಕ್ಷೆಯಲ್ಲಿ ಮೂರಕ್ಕೂ ಬೇರೆ ಬೇರೆ ಬಣ್ಣ ತುಂಬಿದರೆ ಅರ್ಧ ಕಥೆ ಹಾಳೆಯ ಮೇಲೇ ಕಾಣುತ್ತದೆ. ದಪ್ಪ ಗೋಡೆಗಳು ಸೇರಿ ಒಂದು ಚೌಕ ಆಗುತ್ತವೆ, ಉಳಿದವು ಆ ಚೌಕವನ್ನು ಸೀಳಿಕೊಂಡು ಹೋಗಿರುತ್ತವೆ.

ಲೆವೆಲ್ ಪೈಪು ಹಿಡಿದು ಎಲ್ಲ ಕಂಬದ ಪೀಠದ ಕಲ್ಲುಗಳ ಮಟ್ಟ ನೋಡಿ, ಜೊತೆಗೆ ಹೊಸಿಲು ಮತ್ತು ಹೊರಗಿನ ರಸ್ತೆಯ ಮಟ್ಟವನ್ನೂ ನೋಡಿ. ಸಿಸಿ ರಸ್ತೆಯ ಮೇಲೆ ಸಿಸಿ ರಸ್ತೆ ಹಾಕಿ ಈಗ ಎಷ್ಟೋ ಮನೆಗಳ ಹೊಸಿಲು ರಸ್ತೆಗಿಂತ ತಗ್ಗಿಗೆ ಹೋಗಿದೆ. ಮಾಳಿಗೆ ಸೋರುತ್ತದೆ ಎಂದು ಮೇಲೆ ನೋಡುತ್ತಾ ಇರುತ್ತಾರೆ, ನೀರು ಬರುತ್ತಿರುವುದು ಬಾಗಿಲಿನಿಂದ.

## 5. ಭಾರದ ದಾರಿ: ಮಾಳಿಗೆಯಿಂದ ಪೀಠದವರೆಗೆ

ಈ ಹಂತ ಬಿಟ್ಟವರೇ ಮತ್ತೆ ಮತ್ತೆ ಎಡವುತ್ತಿರುವುದರಿಂದ ಇಲ್ಲಿ ನಿಧಾನಿಸಿ.

ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಕಡಿಮೆ ಮಳೆಯ ಊರುಗಳಲ್ಲಿ ಚಪ್ಪಟೆ ಮಣ್ಣಿನ ಮಾಳಿಗೆ; ಚನ್ನಗಿರಿ, ಹೊನ್ನಾಳಿ ಕಡೆಗೆ ಹೋದಂತೆ ಇಳಿಜಾರು ಹೆಂಚು. ಮಾಳಿಗೆಯಾದರೆ ಮೇಲಿನಿಂದ ಕೆಳಕ್ಕೆ ಕ್ರಮ ಹೀಗೆ: ಕರಲು ಮಣ್ಣು (ಸವಳು ಮಣ್ಣು), ಅದರ ಕೆಳಗೆ ಸಾದಾ ಮಣ್ಣು, ಸೊಪ್ಪಿನ ಹಾಸು, ದಬ್ಬೆ (ಸೀಳಿದ ಬಿದಿರು) ಅಥವಾ ಹಲಗೆ, ಜಂತೆ, ತೊಲೆ, ಬೋದಿಗೆ, ಕಂಬ, ಪೀಠದ ಕಲ್ಲು. ಜಂತೆಗಳು ಯಾವ ದಿಕ್ಕಿಗೆ ಹರಿದಿವೆ, ಅವುಗಳ ಎರಡು ತುದಿ ಎಲ್ಲಿ ಕೂತಿವೆ ಎಂದು ಪ್ರತಿ ಅಂಕಣಕ್ಕೂ ನಕ್ಷೆಯಲ್ಲಿ ಬಾಣದ ಗುರುತು ಹಾಕಿ. ಜಂತೆಗೆ ಸಮನಾಗಿ ಪಕ್ಕದಲ್ಲಿ ಓಡುವ ಗೋಡೆ ಸಾಮಾನ್ಯವಾಗಿ ಮಾಳಿಗೆ ಹೊತ್ತಿರುವುದಿಲ್ಲ. ಜಂತೆಗೆ ಅಡ್ಡಲಾಗಿ ಬರುವ ಗೋಡೆ ಹೊತ್ತಿರಬಹುದು. “ಸಾಮಾನ್ಯವಾಗಿ” ಎಂದು ಏಕೆ ಹೇಳಿದೆ ಎಂಬುದು 7ನೇ ಹಂತದಲ್ಲಿದೆ.

ಮಣ್ಣಿನ ದಪ್ಪ ತಿಳಿಯಲು ಬೆಳಕಿಂಡಿಯ ಅಂಚಿನಲ್ಲಿ ಅಳೆಯಿರಿ. ಅಲ್ಲಿ ಪದರಗಳು ಕಾಣುತ್ತವೆ. ಕರಲು ಮಣ್ಣಿನ ಗುಣ ಏನೆಂದರೆ, ನೆನೆದ ಕೂಡಲೇ ಅದರ ಕಣ ಒಡೆದು ಸಂದುಗಳನ್ನು ಮುಚ್ಚಿಬಿಡುತ್ತದೆ. ಆದ್ದರಿಂದಲೇ ನೀರು ಇಳಿಯುವುದಿಲ್ಲ. ಆದರೆ ಮಳೆಗೆ ಕೊಚ್ಚಿಹೋಗುವುದೆಂದು ಬೇಸಿಗೆಗೊಮ್ಮೆ ಮೇಲೊಂದು ಹಾಸು ಹಾಕುವ ರೂಢಿ. ಹಳೆಯದನ್ನು ಕೆರೆಯದೆ ಹೊಸದನ್ನು ಸುರಿಯುತ್ತಾ ಹೋದರೆ ಅರ್ಧ ಅಡಿ ಇದ್ದದ್ದು ಒಂದು ಅಡಿ ಆಗುತ್ತದೆ. ಲೆಕ್ಕ ಹಾಕಿ ನೋಡಿ: 10 ಅಡಿಗೆ 12 ಅಡಿಯ ಕೋಣೆಯ ಮೇಲೆ ಒಂದು ಅಡಿ ದಪ್ಪ ಮಣ್ಣೆಂದರೆ ಸುಮಾರು 3.4 ಘನ ಮೀಟರ್, ತೂಕದಲ್ಲಿ 5ರಿಂದ 6 ಟನ್. ನೆನೆದರೆ ಇನ್ನೂ ಹೆಚ್ಚು. ಮೂಲ ಬಡಗಿ ಲೆಕ್ಕ ಹಾಕಿದ್ದು ಅದರ ಅರ್ಧಕ್ಕೆ. ತೊಲೆ ಬಾಗಿದೆ ಎಂದು ಮರವನ್ನು ಬಯ್ಯುವ ಮೊದಲು ಮೇಲಿನ ಮಣ್ಣನ್ನು ಅಳೆಯಿರಿ.

## 6. ಯಾವುದು ಮೊದಲು, ಯಾವುದು ಆಮೇಲೆ

ಇಲ್ಲಿ ವರ್ಷ ಹುಡುಕಬೇಡಿ, ಹಿಂದು ಮುಂದು ಹುಡುಕಿ. ಒಂದಕ್ಕಿಂತ ಇನ್ನೊಂದು ಆಮೇಲಿನದು ಎಂದು ಖಚಿತವಾದರೆ ಸಾಕು. ವರ್ಷ ಸಿಕ್ಕರೆ ಲಾಭ.

ಗೋಡೆ ಕೂಡುವ ಮೂಲೆ. ಎರಡು ಗೋಡೆ ಒಟ್ಟಿಗೆ ಎದ್ದಿದ್ದರೆ ಕಲ್ಲು ಇಟ್ಟಿಗೆಗಳು ಒಂದರೊಳಗೊಂದು ಹೆಣೆದಿರುತ್ತವೆ. ಆಮೇಲೆ ಸೇರಿಸಿದ್ದಾದರೆ ಮೇಲಿನಿಂದ ಕೆಳಗಿನವರೆಗೆ ನೇರ ಸೀಳು ಇರುತ್ತದೆ. ಅದೇ ಸೀಳಿನಲ್ಲಿ ಅಂಗೈ ಅಗಲದಷ್ಟು ಗಾರೆ ಕೆರೆದು, ಹಳೇ ಗೋಡೆಯ ಸುಣ್ಣ ಹೊಸ ಗೋಡೆಯ ಹಿಂದಕ್ಕೂ ಹೋಗಿದೆಯೇ ನೋಡಿ. ಹೋಗಿದ್ದರೆ ವಾದವೇ ಇಲ್ಲ, ಹಳೇ ಗೋಡೆ ಬೆತ್ತಲಾಗಿ ನಿಂತು ಸುಣ್ಣ ಬಳಿಸಿಕೊಂಡ ಕಾಲ ಒಂದಿತ್ತು. ಪ್ರತಿ ಗೋಡೆಯಲ್ಲೂ ಬ್ಲೇಡಿನಿಂದ ಸುಣ್ಣದ ಪದರ ಕೆರೆದು ಹೋಲಿಸಿ. ಹೆಚ್ಚು ಪದರ ಇರುವುದು ಸಾಮಾನ್ಯವಾಗಿ ಹಳೆಯದು.

ಕೆಲಸವಿಲ್ಲದ ತೂತುಗಳು. ಕಂಬದ ತುದಿಯ ಗೂಟ ಬೋದಿಗೆಯ ತೂತಿನಲ್ಲಿ ಕೂರುವುದು ವಾಡಿಕೆ. ಏನೂ ಕೂರದ ಖಾಲಿ ತೂತು ತೊಲೆಯ ಅಡಿಯಲ್ಲಿ ಕಂಡರೆ ಎರಡರಲ್ಲೊಂದು: ಅಲ್ಲಿದ್ದ ಕಂಬ ತೆಗೆದಿದ್ದಾರೆ, ಇಲ್ಲವೇ ಈ ತೊಲೆ ಬೇರೆ ಮನೆಯಿಂದ ಬಂದದ್ದು. ನೇರ ಕೆಳಗೆ ನೆಲದಲ್ಲಿ ಪೀಠದ ಕಲ್ಲೋ ಅದರ ಗುರುತೋ ಇದ್ದರೆ ಮೊದಲನೆಯದು. ಇಲ್ಲದಿದ್ದರೆ, ಕೆತ್ತನೆಯ ಪಟ್ಟಿ ಗೋಡೆಯೊಳಗೆ ಹೋಗಿ ತುಂಡಾಗಿದ್ದರೆ, ಅಥವಾ ಹೂವು ತಲೆಕೆಳಗಾಗಿದ್ದರೆ ಎರಡನೆಯದು. ನಮ್ಮಲ್ಲಿ ತೇಗ, ಹೊನ್ನೆ, ಮತ್ತಿಯ ತೊಲೆಯನ್ನು ಯಾರೂ ಎಸೆಯುತ್ತಿರಲಿಲ್ಲ, ಮನೆ ಬಿದ್ದರೂ ಮರ ಇನ್ನೊಂದು ಮನೆ ಸೇರುತ್ತಿತ್ತು. ಆದ್ದರಿಂದ ಅತಿ ಹಳೆಯ ಮರದ ವಯಸ್ಸನ್ನು ಮನೆಯ ವಯಸ್ಸೆಂದು ತಿಳಿಯಬೇಡಿ. “ಚಿತ್ರದುರ್ಗದ ನಾಯಕರ ಕಾಲದ ಕಂಬ, ಆದ್ದರಿಂದ ನಾಯಕರ ಕಾಲದ ಮನೆ” ಎಂಬ ಮಾತು ಮದುವೆ ಮನೆಯ ಹರಟೆಗೆ ಚೆಂದ, ಅಷ್ಟೇ.

ಹೊಗೆ. ಈಗ ಮಲಗುವ ಕೋಣೆಯಾಗಿರುವ ಕಡೆ ಜಂತೆಗಳು ಮಸಿಯಿಂದ ಕಪ್ಪಾಗಿದ್ದರೆ ಅಲ್ಲಿ ಒಲೆ ಇತ್ತು. ಕಪ್ಪು ಜಂತೆಗಳ ನಡುವೆ ಒಂದೆರಡು ಬೋಳಾಗಿದ್ದರೆ ಅವು ಬದಲಿಸಿದವು. ಅಡುಗೆಮನೆ ಜಾಗ ಬದಲಾದ ಮನೆಯಲ್ಲಿ ಬಚ್ಚಲ ನೀರಿನ ದಾರಿಯೂ ಬದಲಾಗಿರುತ್ತದೆ. ಹಳೇ ಮೋರಿ ನೆಲದಡಿ ಮುಚ್ಚಿಹೋಗಿ ಈಗಲೂ ತೇವ ಎಳೆಯುತ್ತಿರಬಹುದು.

ಮೊಳೆ, ಹೆಂಚು, ಸಿಮೆಂಟು. ಕಮ್ಮಾರ ಬಡಿದ ಮೊಳೆ ಚೌಕವಾಗಿ ಸಣ್ಣಗಾಗುತ್ತಾ ಹೋಗುತ್ತದೆ. ಗುಂಡನೆಯ ತಂತಿ ಮೊಳೆ ಕಾರ್ಖಾನೆಯದು, ಹೊಸ ಕಾಲದ್ದು. ಮಂಗಳೂರು ಹೆಂಚಿನ ಮೊದಲ ಕಾರ್ಖಾನೆಯನ್ನು ಬಾಸೆಲ್ ಮಿಷನ್ ಜೆಪ್ಪುವಿನಲ್ಲಿ ತೆರೆದದ್ದು 1865ರಲ್ಲಿ. ಹಾಗಾಗಿ ಆ ಹೆಂಚಿರುವ ಮಾಡು ಅದಕ್ಕಿಂತ ಹಿಂದಿನದಾಗಲು ಸಾಧ್ಯವಿಲ್ಲ. ಆದರೆ ಹೆಂಚಿನ ಮೇಲೆ 1865 ಎಂದೇ ಅಚ್ಚಾಗಿದ್ದರೆ ಹಿಗ್ಗಬೇಡಿ, ಅದು ಕಾರ್ಖಾನೆ ಶುರುವಾದ ವರ್ಷ, ಹೆಂಚು ಸುಟ್ಟ ವರ್ಷವಲ್ಲ. ಭಾರತದಲ್ಲಿ ಸಿಮೆಂಟು ನಿಯಮಿತವಾಗಿ ತಯಾರಾಗತೊಡಗಿದ್ದು 1914ರಲ್ಲಿ, ಪೋರಬಂದರಿನಲ್ಲಿ. ನಮ್ಮ ಹಳ್ಳಿ ಮನೆಗಳಿಗೆ ಅದು ಬಂದದ್ದು ಇನ್ನೂ ತಡವಾಗಿ. ಗಾರೆ ಯಾವುದೆಂದು ಗುರುತಿಸಲು ಮೊಳೆಯಿಂದ ಗೀರಿ: ಮಣ್ಣು ಉದುರುತ್ತದೆ, ನೀರು ಹಾಕಿದರೆ ಮೆತ್ತಗಾಗುತ್ತದೆ. ಸುಣ್ಣದ ಗಾರೆ ಗೀರು ಹಿಡಿಯುತ್ತದೆ, ನೀರಿಗೆ ಕರಗುವುದಿಲ್ಲ. ಸಿಮೆಂಟಿನ ಮೇಲೆ ಮೊಳೆ ಜಾರುತ್ತದೆ.

## 7. ಆಮೇಲೆ ಬಂದದ್ದು ಈಗ ಏನು ಹೊತ್ತಿದೆ?

ಒಡೆಯಬೇಕೆಂದು ಮನಸ್ಸು ಮಾಡಿರುವ ಪ್ರತಿ ಗೋಡೆಯ ತಲೆಯನ್ನು ಏಣಿ ಹತ್ತಿ ನೋಡಿ. ಗೋಡೆಗೂ ಮೇಲಿನ ಜಂತೆಗೂ ನಡುವೆ ಒಂದು ಕಾಗದ ತೂರುತ್ತದೆಯೇ? ಉದ್ದಕ್ಕೂ ತೂರಿದರೆ ಅದು ಹೊತ್ತಿಲ್ಲ. ತೂರದಿದ್ದರೆ, ಅಥವಾ ಜಂತೆಯ ಅಡಿ ಇಟ್ಟಿಗೆ ಚಪ್ಪಟೆಯಾಗಿ ಪುಡಿಯಾಗಿದ್ದರೆ, ಹೊತ್ತಿದೆ. ಪಾಲಾದಾಗ ಅಣ್ಣತಮ್ಮಂದಿರು ತೊಟ್ಟಿಯ ನಡುವೆ ಎಬ್ಬಿಸಿದ ಗೋಡೆಯನ್ನು ಎಲ್ಲರೂ ಮೊದಲು ಒಡೆಯಲು ಹೋಗುತ್ತಾರೆ. ಅಂಥ ಗೋಡೆಯೇ ಬಹಳ ಸಲ ಮಾಳಿಗೆಗೆ ಆಸರೆ. ಮುನಿಸಿನಲ್ಲಿ ಕಟ್ಟಿದ್ದಾದರೂ ಎರಡೂ ಮನೆಯನ್ನು ಅದೇ ನಿಲ್ಲಿಸಿರುತ್ತದೆ.

ಇನ್ನೆರಡು ಜಾಗ ನೋಡಿ. ಕಂಬದ ಪಕ್ಕ ಇಟ್ಟಿಗೆಯ ಗುಜ್ಜು (ಆಸರೆಯ ಗಿಡ್ಡ ಕಂಬ) ಕಟ್ಟಿದ್ದರೆ, ಅಲ್ಲಿ ತೊಲೆ ಸೀಳಿದೆ ಅಥವಾ ಬೋದಿಗೆ ತಿರುಚಿದೆ ಎಂದು ಹಿಂದಿನವರೇ ಕಂಡುಕೊಂಡಿದ್ದರು. ಬಾಗಿಲವಾಡ ಮೇಲಿನಿಂದ ಒತ್ತಿ ಬಾಗಿಲು ಸಿಕ್ಕಿಕೊಳ್ಳುತ್ತಿದ್ದರೆ, ಚೌಕಟ್ಟು ಗೋಡೆಯ ಭಾರ ಹೊರುತ್ತಿದೆ. ಬಡಗಿಯನ್ನು ಕರೆಸಿ ಬಾಗಿಲು ಕೆತ್ತಿಸುವುದರಿಂದ ಬಾಗಿಲು ಮುಚ್ಚುತ್ತದೆ, ಕಾರಣ ಹಾಗೇ ಉಳಿಯುತ್ತದೆ.

ಬಿರುಕುಗಳು ಹಳೆಯವೋ ಬೆಳೆಯುತ್ತಿವೆಯೋ? ಬಿರುಕಿನ ಮೇಲೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿಯನ್ನು ಎರಡೂ ಬದಿ ಪ್ಲಾಸ್ಟರ್ ಆಫ್ ಪ್ಯಾರಿಸ್ ಇಟ್ಟು ಅಂಟಿಸಿ, ದಿನಾಂಕ ಬರೆಯಿರಿ. ಒಂದು ಮಳೆಗಾಲ ಕಳೆದರೂ ಗಾಜು ಸೀಳದಿದ್ದರೆ ಅದು ನಿಂತ ಬಿರುಕು. ಒಳಗೆ ಬೂದುಬಣ್ಣದ ಧೂಳು, ಜೇಡರ ಬಲೆ ಇದ್ದರೆ ಹಳೆಯದು. ಅಂಚು ಬೆಳ್ಳಗೆ ಚೂಪಾಗಿದ್ದರೆ ಹೊಸದು. ಗಾಜು ಸೀಳಿದರೆ, ಅಥವಾ ತೊಲೆಯಡಿಯಿಂದ ಓರೆಯಾಗಿ ಇಳಿಯುವ ಬಿರುಕಿದ್ದರೆ, ಇಲ್ಲಿಗೆ ನಿಲ್ಲಿಸಿ ಹಳೇ ಕಟ್ಟಡ ಗೊತ್ತಿರುವ ಎಂಜಿನಿಯರನ್ನು ಕರೆಸಿ.

## 8. ಮರದ ಪರೀಕ್ಷೆ

ಮರ ಹಾಳಾಗುವುದು ಹೆಚ್ಚಾಗಿ ತುದಿಯಲ್ಲಿ: ಗೋಡೆಯೊಳಗೆ ಹೂತ ತೊಲೆಯ ತುದಿ, ಪೀಠಕ್ಕೆ ತಾಗುವ ಕಂಬದ ಬುಡ, ನೀರು ಹೋಗುವ ದೋಣಿಯ ಕೆಳಗಿನ ಜಂತೆ. ನಡುವೆ ತಟ್ಟಿ ನೋಡಿ “ಕಲ್ಲಿನ ಹಂಗೈತೆ” ಎಂದು ತೃಪ್ತರಾಗಬೇಡಿ.

ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಸದ್ದು ಬದಲಾದ ಕಡೆ ದಬ್ಬಳ ಒತ್ತಿ. ಗಟ್ಟಿ ಮರದಲ್ಲಿ ತುದಿ ಮಾತ್ರ ಕಚ್ಚುತ್ತದೆ. ಅರ್ಧ ಇಂಚು ಸಲೀಸಾಗಿ ಇಳಿದರೆ ಕೊಳೆತಿದೆ. ಮರದ ಮೇಲೆ ಮಣ್ಣಿನ ಸುರಂಗ ಕಂಡರೆ ಗೆದ್ದಲು. ಅದನ್ನು ಒಂದು ಕಡೆ ಒಡೆದು ಎರಡು ಮೂರು ದಿನ ಬಿಟ್ಟು ನೋಡಿ, ಮತ್ತೆ ಕಟ್ಟಿದ್ದರೆ ಗೂಡು ಜೀವಂತ. ಸಣ್ಣ ತೂತು, ಕೆಳಗೆ ಹಿಟ್ಟಿನಂಥ ಪುಡಿ ಇದ್ದರೆ ಕೊರೆಯುವ ಹುಳ. ಪುಡಿ ಗುಡಿಸಿ ಕೆಳಗೆ ಬಿಳಿ ಹಾಳೆ ಹಾಸಿ, ಮತ್ತೆ ಬಿದ್ದರೆ ಮಾತ್ರ ಔಷಧಿ. ಹಳೇ ತೂತು ನೋಡಿ ಹೆದರಿ ಒಳ್ಳೇ ಕಂಬವನ್ನು ಹಳೇ ಮರದ ವ್ಯಾಪಾರಿಗೆ ಕೊಟ್ಟವರು ಬಹಳ. “ಹುಳ ಹಿಡಿದೈತೆ, ಇವತ್ತೇ ಒಯ್ತೀವಿ” ಎಂದು ಅವಸರ ಮಾಡುವವನಿಗೆ ಆ ಮರದ ಬೆಲೆ ನಿಮಗಿಂತ ಚೆನ್ನಾಗಿ ಗೊತ್ತಿರುತ್ತದೆ.

## 9. ಆನಿಕೆ

ಯಾವುದೇ ತುಂಡನ್ನು ಬಿಚ್ಚುವ ಮೊದಲು ಆನಿಕೆ ನಿಲ್ಲಿಸಿ. ಗೋಡೆ ತೆಗೆಯುವುದಾದರೆ ಅದರ ಎರಡೂ ಬದಿಗೆ, ಜಂತೆಗಳ ಅಡಿ ಅಡ್ಡತೊಲೆ ಕೊಟ್ಟು, ಅದಕ್ಕೆ ಆನಿಕೆ ಕಂಬ ಅಥವಾ ಕಬ್ಬಿಣದ ಜಾಕಿ. ಬುಡದಲ್ಲಿ ಅಗಲದ ಹಲಗೆ ಇರಲೇಬೇಕು. ಇಲ್ಲದಿದ್ದರೆ ಮಣ್ಣಿನ ನೆಲದಲ್ಲಿ ಜಾಕಿ ಇಳಿಯುತ್ತದೆ. 3ನೇ ಹಂತದಲ್ಲಿ ಗೆರೆ ಎಳೆದ ಹಗೇವಿನ ಜಾಗ ಬಿಟ್ಟು ನಿಲ್ಲಿಸಿ. ತೂಗುಗುಂಡು ಹಿಡಿದು ನೇರ ಮಾಡಿ.

ಬೆಣೆ ಬಿಗಿಯಾದರೆ ಸಾಕು, ಎತ್ತಬೇಡಿ. ಜಗ್ಗಿದ ಮಾಳಿಗೆಯನ್ನು ಒಂದೇ ದಿನ ಮಟ್ಟಕ್ಕೆ ತರಲು ಹೋಗುವುದು ದೊಡ್ಡ ತಪ್ಪು. ದಶಕಗಟ್ಟಲೆ ಬಾಗಿ ಕೂತ ಮರ ಸೀಳುತ್ತದೆ, ಪಕ್ಕದ ಗೋಡೆ ಬಿರಿಯುತ್ತದೆ. ಎತ್ತಲೇಬೇಕಾದರೆ ಮಣ್ಣು ಇಳಿಸಿದ ಮೇಲೆ, ದಿನಕ್ಕೆ ಎರಡು ಮೂರು ಮಿಲಿಮೀಟರ್‌ಗಿಂತ ಹೆಚ್ಚಿಲ್ಲದಂತೆ. ಚಟಪಟ ಸದ್ದು ಬಂದರೆ, ಗಾರೆ ಉದುರಿದರೆ, ಅವತ್ತಿಗೆ ಕೆಲಸ ನಿಲ್ಲಿಸಿ. ತೊಲೆಯ ಸ್ವಲ್ಪ ಬಾಗು ಉಳಿದರೆ ಏನೂ ನಷ್ಟವಿಲ್ಲ.

## 10. ದುರಸ್ತಿಯ ಕ್ರಮ

ಮೊದಲು ನೀರು. ಮಾಳಿಗೆಯ ದೋಣಿ ಸ್ವಚ್ಛ ಮಾಡಿ, ಗೋಡೆ ಬುಡಕ್ಕೆ ಬೀಳುವ ನೀರನ್ನು ದೂರ ಹಾಯಿಸಿ, ರಸ್ತೆಯಿಂದ ನುಗ್ಗುವ ನೀರಿಗೆ ಹೊಸಿಲ ಹೊರಗೆ ಚರಂಡಿ ಮಾಡಿಸಿ. ಇದು ಆಗುವ ಮುನ್ನ ಮರ ಬದಲಿಸಿದರೆ ಹೊಸ ಮರವೂ ಕೊಳೆಯುತ್ತದೆ.

ಆಮೇಲೆ ತೂಕ. ಹೆಚ್ಚಾದ ಮಣ್ಣನ್ನು ಕೆರೆದು ಅರ್ಧ ಅಡಿಗೆ ಇಳಿಸಿ. ಎರಡೂ ಬದಿಯಿಂದ ಸಮನಾಗಿ ತೆಗೆಯಬೇಕು, ತೆಗೆದದ್ದನ್ನು ಮಾಳಿಗೆ ಮಧ್ಯೆ ಗುಡ್ಡೆ ಹಾಕಬಾರದು, ಕೂಡಲೇ ಕೆಳಗಿಳಿಸಬೇಕು. ದೋಣಿಯ ಕಡೆಗೆ ಓಟ ಕೊಟ್ಟು ಮೇಲೆ ಕರಲು ಮಣ್ಣು. ಸೋರುತ್ತದೆಂದು ಮಣ್ಣಿನ ಮೇಲೆಯೇ ನಾಲ್ಕು ಇಂಚು ಕಾಂಕ್ರೀಟು ಸುರಿಸುವವರಿದ್ದಾರೆ. ಪ್ರತಿ ಚದರ ಮೀಟರಿಗೆ ಸುಮಾರು 240 ಕೆಜಿ ಹೊಸ ಭಾರ ಅದು, ಕೆಳಗಿನ ಜಂತೆ ಹೇಗಿದೆ ಎಂದು ಮತ್ತೆಂದೂ ಕಾಣುವುದೂ ಇಲ್ಲ. ಮಣ್ಣಿನಡಿ ಪ್ಲಾಸ್ಟಿಕ್ ಹಾಳೆ ಹಾಸುವುದನ್ನೂ ನಾನು ಒಪ್ಪುವುದಿಲ್ಲ; ಒಳಗಿನ ತೇವ ಅದಕ್ಕೆ ಹತ್ತಿ ದಬ್ಬೆ ಕೊಳೆಯುತ್ತದೆ.

ಮೂರನೆಯದು ಮರ. ಕಂಬದ ಬುಡ ಮಾತ್ರ ಕೊಳೆತಿದ್ದರೆ ಕೊಳೆತಷ್ಟನ್ನು ಕೊಯ್ದು ಪೀಠದ ಕಲ್ಲನ್ನು ಅಷ್ಟೇ ಎತ್ತರಿಸಿ. ಇಡೀ ಕಂಬ ಬದಲಿಸುವ ಅಗತ್ಯವಿಲ್ಲ. ತೊಲೆಯ ತುದಿಗೆ ಒಣಗಿದ ಹಳೇ ಮರದ ತುಂಡನ್ನು ಬೆಸೆದು ಬೋಲ್ಟು ಹಾಕಬಹುದು, ಅಥವಾ ಎರಡೂ ಬದಿಗೆ ಕಬ್ಬಿಣದ ಚಾನಲ್ ಕೊಡಬಹುದು. ಎಷ್ಟು ಉದ್ದ, ಎಷ್ಟು ಬೋಲ್ಟು ಎಂಬುದನ್ನು ಎಂಜಿನಿಯರೇ ಹೇಳಲಿ. ಗೋಡೆಯೊಳಗೆ ಹೋಗುವ ತುದಿಯ ಸುತ್ತ ಸಿಮೆಂಟು ತುಂಬಬೇಡಿ. ಬೆರಳು ಹೋಗುವಷ್ಟು ಗಾಳಿ ಆಡುವ ಸಂದು ಬಿಡಿ. ಹಸಿ ಮರ ಬಳಸಿದರೆ ಎರಡು ಬೇಸಿಗೆಯಲ್ಲಿ ಸಂದು ಬಿಟ್ಟು ಸಡಿಲವಾಗುತ್ತದೆ.

ಗೋಡೆಯ ಗಾರೆ ಅದರ ನಂತರ. ಮಣ್ಣಿನ ಗೋಡೆಗೆ ಸಿಮೆಂಟು ಗಾರೆ ಹಾಕಿದರೆ ತೇವ ಹೊರಬರಲಾಗದೆ ಒಳಗೇ ಏರುತ್ತದೆ, ಕೆಲವು ವರ್ಷಕ್ಕೆ ಗಾರೆ ಹಪ್ಪಳದಂತೆ ಕಳಚುತ್ತದೆ, ಜೊತೆಗೆ ಮಣ್ಣನ್ನೂ ಎಳೆದುಕೊಂಡು ಬರುತ್ತದೆ. ಮಣ್ಣಿಗೆ ಮಣ್ಣು, ಸುಣ್ಣಕ್ಕೆ ಸುಣ್ಣ. ಹಿಂದೆ ಹಾಕಿದ ಸಿಮೆಂಟು ಗಟ್ಟಿಯಾಗಿ ಹಿಡಿದಿದ್ದರೆ ಬಲವಂತವಾಗಿ ಕೀಳಬೇಡಿ, ಟೊಳ್ಳು ಸದ್ದು ಬರುವ ಕಡೆ ಮಾತ್ರ ತೆಗೆಯಿರಿ.

ನೆಲ ಕೊನೆಗೆ. ಟೈಲ್ಸ್ ಹಾಕುವ ಆಸೆಯಲ್ಲಿ ನೆಲ ಎತ್ತರಿಸಿ ಪೀಠದ ಕಲ್ಲನ್ನು ಹೂತುಬಿಡಬೇಡಿ. ಮರದ ಬುಡ ನೆಲಕ್ಕೆ ತಾಗಿದರೆ ನೆಲ ತೊಳೆದ ನೀರೆಲ್ಲ ಅದಕ್ಕೇ ಸೇರುತ್ತದೆ. ಕಂಬದ ಸುತ್ತ ಒಂದು ಗೇಣು ಬಿಟ್ಟು ನೆಲ ಮಾಡಿಸಿ.

ಆನಿಕೆಗಳನ್ನು ಕೆಲಸ ಮುಗಿದ ದಿನವೇ ಕೀಳಬೇಡಿ. ಬೆಣೆಗಳನ್ನು ದಿನಕ್ಕೆ ಸ್ವಲ್ಪ ಸಡಿಲಿಸುತ್ತಾ, ಗಾಜಿನ ಪಟ್ಟಿಗಳನ್ನು ನೋಡುತ್ತಾ ಬನ್ನಿ. ಪಟ್ಟಿ ಸೀಳಿದರೆ ಮತ್ತೆ ಬಿಗಿ ಮಾಡಿ 5ನೇ ಹಂತದ ಬಾಣಗಳನ್ನು ಇನ್ನೊಮ್ಮೆ ನೋಡಿ. ಯಾವುದೋ ಒಂದು ಜಂತೆ ನೀವು ಬರೆದ ಕಡೆ ಕೂತಿಲ್ಲ.